ಮಲೆನಾಡಿನಲ್ಲಿ ಮಿಲಿಟರಿ ತನಿಖೆಯ ಥ್ರಿಲ್ಲರ್: ಮೇಜರ್‌ಗೆ ಎಷ್ಟು ಅಧಿಕಾರ ಕೊಡಬಹುದು?

ನಗರಕೋಟೆ
ಕಾದಂಬರಿಯ ಹಂದರ ಸಿದ್ಧವಾಗಿದೆ. ತನಿಖೆಯ ಭಾಗ ಗಟ್ಟಿಯಾಗಬೇಕು, ತಿಳಿದವರು ಹೇಳಿ. ಕಥೆ ಇಷ್ಟು: 2024ರ ಏಪ್ರಿಲ್. ಹೊಸನಗರ ತಾಲ್ಲೂಕಿನ ಹಳ್ಳಿಯೊಂದಕ್ಕೆ ರಜೆಯ ಮೇಲೆ ಬಂದ ಹವಾಲ್ದಾರ್ ತೋಟದ ಮೇಲಿನ ಕಾಡಂಚಿನಲ್ಲಿ ಗುಂಡೇಟಿನಿಂದ ಸತ್ತು ಬಿದ್ದಿರುತ್ತಾನೆ. ತೋಟಕ್ಕೆ ಬರುವ ಕಾಡುಹಂದಿಗೆ ಕೋವಿ ಹಿಡಿದು ಕಾಯುವವರ ಕೈತಪ್ಪು ಎಂದು ಊರು ನಂಬುತ್ತದೆ. ಬೆಂಗಳೂರಿನಿಂದ ಮಿಲಿಟರಿ ಪೊಲೀಸ್ ಮೇಜರ್ ಮತ್ತು ಒಬ್ಬ ಮಹಿಳಾ ಹವಾಲ್ದಾರ್ ಬರುತ್ತಾರೆ. ಸೇನೆಯ ಮದ್ದುಗುಂಡು ಸೋರಿಸಿ ದಾಳಿಗೆ ತಯಾರಿ ನಡೆಸಿದ್ದ ಉಗ್ರಗಾಮಿ ಗುಂಪೊಂದು ಬಯಲಾಗುತ್ತದೆ. ಈಗಿನ ಕರಡಿನಲ್ಲಿ ಮೇಜರ್ ಶಿವಮೊಗ್ಗದ ಗೋಪಾಳದಲ್ಲಿ ಒಂದು ಮನೆ ಶೋಧಿಸುತ್ತಾನೆ, ಮೂವರನ್ನು ಬಂಧಿಸುತ್ತಾನೆ, ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತಾನೆ. ಇದರಲ್ಲಿ ಯಾವುದು ನಿಲ್ಲುತ್ತದೆ? ಗುಂಪು ಪೂರ್ತಿ ಕಾಲ್ಪನಿಕ, ಯಾವ ಧರ್ಮಕ್ಕೂ ಪಕ್ಷಕ್ಕೂ ಅಂಟಿಸಿಲ್ಲ.

ಕೆಂಪುಟೋಪಿ
ಮೂರೂ ನಿಲ್ಲುವುದಿಲ್ಲ. ಅದರಿಂದ ಕಥೆಗೆ ನಷ್ಟವೇನೂ ಇಲ್ಲ.

ಸೇನಾ ಕಾಯ್ದೆ 1950ರ ಕಲಂ 107ರ ಪ್ರಕಾರ ಪ್ರೊವೋಸ್ಟ್ ಮಾರ್ಷಲ್ (ಮಿಲಿಟರಿ ಪೊಲೀಸ್ ಮುಖ್ಯಸ್ಥ) ಮತ್ತು ಅವರ ಕೈಕೆಳಗಿನವರು ಹಿಡಿದಿಡಬಹುದಾದದ್ದು ಆ ಕಾಯ್ದೆಗೆ ಒಳಪಟ್ಟವರನ್ನು ಮಾತ್ರ. ಅಂಗಡಿಯವ, ಪಿಕಪ್ ಡ್ರೈವರ್, ಕಾಲೇಜು ಹುಡುಗ ಇವರ ಮೇಲೆ ಮೇಜರ್ ಕೈಹಾಕುವ ಹಾಗಿಲ್ಲ. ಮನೆ ಶೋಧ ಪೊಲೀಸರ ಕೆಲಸ. ಮೇಜರ್ ಜೊತೆಗೆ ನಿಲ್ಲಬಹುದು, ಸಿಕ್ಕ ವಸ್ತು ಸೇನೆಯದು ಎಂದು ಗುರುತಿಸಿ ಹೇಳಬಹುದು. ಮಹಜರಿನ ಮೇಲೆ ಬೀಳುವ ಸಹಿ ಪಂಚರದು, ತನಿಖಾಧಿಕಾರಿಯದು.

ಇನ್ನೆರಡು ತಿದ್ದುಪಡಿ. ಶಿವಮೊಗ್ಗದಲ್ಲಿ ಸೇನೆಯ ಕಂಟೋನ್ಮೆಂಟ್ ಇಲ್ಲ. ಮಾಚೇನಹಳ್ಳಿಯಲ್ಲಿರುವುದು ರಾಜ್ಯ ಮೀಸಲು ಪೊಲೀಸರ (ಕೆಎಸ್‌ಆರ್‌ಪಿ) 8ನೇ ಪಡೆ. ಭದ್ರಾವತಿಗೆ ಮಂಜೂರಾದ ಆರ್‌ಎಎಫ್ 97ನೇ ಬೆಟಾಲಿಯನ್ ಸಿಆರ್‌ಪಿಎಫ್‌ನ ಭಾಗ, ಕೇಂದ್ರ ಗೃಹ ಇಲಾಖೆಯ ಕೈಕೆಳಗಿನದು. ನಕ್ಸಲ್ ನಿಗ್ರಹ ಪಡೆ ರಾಜ್ಯ ಪೊಲೀಸರದು, ಕೇಂದ್ರ ಕಾರ್ಕಳ. ಬಹಳ ಕಥೆಗಳಲ್ಲಿ ಇವೆಲ್ಲ ಸೇರಿ 'ಮಿಲಿಟರಿ' ಆಗಿಬಿಡುತ್ತವೆ. ನಿಮ್ಮ ಮೇಜರ್ ಬೆಂಗಳೂರಿನಿಂದಲೋ ಬೆಳಗಾವಿಯಿಂದಲೋ ಬರಬೇಕು.

ಎರಡನೆಯದು ಮಹಿಳಾ ಹವಾಲ್ದಾರ್. ಮಿಲಿಟರಿ ಪೊಲೀಸ್ ಪಡೆಯ ಮೊದಲ ಮಹಿಳಾ ತಂಡ, 83 ಮಂದಿ, ಬೆಂಗಳೂರಿನ ತರಬೇತಿ ಕೇಂದ್ರದಿಂದ ಹೊರಬಂದದ್ದು 2021ರ ಮೇ 8ರಂದು. 2024ರ ಏಪ್ರಿಲ್‌ಗೆ ಅವಳು ತರಬೇತಿ ಮುಗಿಸಿ ಇನ್ನೂ ಮೂರು ವರ್ಷ ತುಂಬಿರುವುದಿಲ್ಲ. ಕ್ರೀಡಾಪಟುವಾಗಿ ನೇರ ಸೇರಿದವಳಲ್ಲದಿದ್ದರೆ ಹವಾಲ್ದಾರ್ ಆಗುವುದು ಕಷ್ಟ, ಲ್ಯಾನ್ಸ್ ನಾಯಕ್ ಎಂದು ಬರೆದರೇ ಹೆಚ್ಚು. ಸಿಪಾಯಿಯಾಗಿಯೇ ಇಡಿ. ಕಡಿಮೆ ಹುದ್ದೆಯವಳು ಊರ ಹೆಂಗಸರ ಜೊತೆ ಕೂತು ಕೇಳುವ ಮಾತು ಮೇಜರ್ ಕಿವಿಗೆ ಬೀಳುವಂಥದ್ದಲ್ಲ.

ನಗರಕೋಟೆ
ಹಾಗಾದರೆ ಮೇಜರ್ ಹೊಸನಗರಕ್ಕೆ ಬರುವುದಾದರೂ ಯಾಕೆ? ಕೊಲೆ ಪೊಲೀಸರದು, ಸ್ಥಳ ಪೊಲೀಸರದು.

ಕೆಂಪುಟೋಪಿ
ಪಿಂಚಣಿ ವಿಚಾರಕ್ಕೆ ಬರುತ್ತಾರೆ ಸರ್. ಕಾದಂಬರಿಯ ಬೆನ್ನೆಲುಬು ಇಲ್ಲೇ ಇದೆ.

ಸೈನಿಕ ರಜೆಯಲ್ಲಿ ಅಸಹಜವಾಗಿ ಸತ್ತರೆ ಅವನ ಯೂನಿಟ್ ಕೋರ್ಟ್ ಆಫ್ ಎನ್‌ಕ್ವೈರಿ (ಸೇನೆಯ ಆಂತರಿಕ ವಿಚಾರಣೆ) ನಡೆಸುತ್ತದೆ. ಅಲ್ಲಿಯ ಮುಖ್ಯ ಪ್ರಶ್ನೆ, ಈ ಸಾವಿಗೂ ಮಿಲಿಟರಿ ಸೇವೆಗೂ ಸಂಬಂಧ ಇದೆಯೇ ಎಂಬುದು. ಇದೆ ಎಂದಾದರೆ ಹೆಂಡತಿಗೆ ವಿಶೇಷ ಕುಟುಂಬ ಪಿಂಚಣಿ, ಇಲ್ಲವಾದರೆ ಸಾಮಾನ್ಯ ಕುಟುಂಬ ಪಿಂಚಣಿ. ಎರಡರ ಮೊತ್ತಕ್ಕೂ ದೊಡ್ಡ ಅಂತರ. ಸಾಮಾನ್ಯವಾಗಿ ಒಬ್ಬ ಅಧ್ಯಕ್ಷ ಅಧಿಕಾರಿ, ಇಬ್ಬರು ಸದಸ್ಯರು. ಸೇನಾ ನಿಯಮಗಳು 1954ರ 177ರಿಂದ ಮುಂದಿನ ನಿಯಮಗಳು ಇದಕ್ಕೇ ಇವೆ.

ಇದನ್ನು ನಿಮ್ಮ ಕಥೆಗೆ ಹೊಂದಿಸಿ. ತೋಟದ ಜಗಳದಲ್ಲೋ ಕೈತಪ್ಪಿಯೋ ಸತ್ತ ಎಂದಾದರೆ ಸೇವೆಗೆ ಸಂಬಂಧವಿಲ್ಲ, ಕಡತ ಮುಚ್ಚುತ್ತದೆ. ಯೂನಿಟ್‌ನ ಮದ್ದುಗುಂಡಿನ ಲೆಕ್ಕದಲ್ಲಿ ಮೋಸ ಕಂಡುಹಿಡಿದದ್ದಕ್ಕೇ ಅವನನ್ನು ಕೊಂದರು ಎಂದಾದರೆ ಅದು ಸೇವೆಯಿಂದ ಬಂದ ಸಾವು. ಆ ಹೆಂಗಸಿನ ಅರ್ಜಿಗೆ ಪ್ರಾಮಾಣಿಕ ಉತ್ತರ ಕೊಡಬೇಕಾದರೆ ಮೇಜರ್ ಸೋರಿಕೆಯ ಬುಡಕ್ಕೆ ಹೋಗಲೇಬೇಕು. ಅವನಿಗೆ ಲಾಠಿಯೂ ಇಲ್ಲ, ವಾರಂಟೂ ಇಲ್ಲ, ಆದರೆ ಯೂನಿಟ್‌ನ ಪ್ರತಿ ರಿಜಿಸ್ಟರ್ ತರಿಸಿಕೊಳ್ಳುವ ಅಧಿಕಾರವಿದೆ. ಪೊಲೀಸರಿಗೆ ಸುಲಭವಾಗಿ ಸಿಗದ್ದು ಅದೊಂದೇ.

ಮಹಜರು
ಪೊಲೀಸ್ ಕಡೆಯದು ನಾನು ಹೇಳುತ್ತೇನೆ. ಹೆಣ ಸಿಕ್ಕ ದಿನವೇ ಕೊಲೆ ಎಂದು ಬರೆಯಬೇಡಿ. ಮೊದಲು ಯುಡಿಆರ್ (ಅಸಹಜ ಸಾವಿನ ವರದಿ) ಆಗಲಿ, ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 174. ಮರಣೋತ್ತರ ಪರೀಕ್ಷೆಯಲ್ಲಿ ಸಂಗತಿ ಗೊತ್ತಾದ ಮೇಲೆ ಎಫ್‌ಐಆರ್. ಗುಂಡೇಟಿನ ಹೆಣವನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತರುವಂತೆ ಬರೆಯಿರಿ. ಕೊಯ್ಯುವ ಮೊದಲು ಎಕ್ಸ್‌ರೇ ಆಗಬೇಕು.

ಆ ಎಕ್ಸ್‌ರೇಯಲ್ಲಿ ನಿಮ್ಮ 'ಊರು ನಂಬುತ್ತದೆ' ಮುಗಿದುಹೋಗುತ್ತದೆ. ಹಂದಿಗೆ ಇಟ್ಟ ಕೇಪಿನ ಕೋವಿಯದಾದರೆ (ನಳಿಗೆಯ ಬಾಯಿಂದ ಮದ್ದು, ಚರೆ ತುಂಬುವ ನಾಡಕೋವಿ) ಚರೆ ಹರಡಿದ್ದು ಕಾಣುತ್ತದೆ. 5.56 ರೈಫಲ್ ಗುಂಡಾದರೆ ಒಂದೇ ದಾರಿ, ಒಳಗೆ ಗುಂಡು ಒಡೆದಿದ್ದರೆ ಸಣ್ಣ ಲೋಹದ ಚೂರುಗಳು. ಹಾಗಾಗಿ ಕೈತಪ್ಪಿನ ಕಥೆಯನ್ನು ಎರಡನೇ ಅಧ್ಯಾಯದಾಚೆ ಎಳೆಯಲಾಗದು. ಎಳೆಯಲೇಬೇಕು ಅಂದರೆ ಎಕ್ಸ್‌ರೇ ಯಂತ್ರ ಕೆಟ್ಟಿತ್ತು ಎನ್ನುವ ಹಳೇ ಉಪಾಯ ಬೇಡ. ಗುಂಡು ದೇಹದಾಚೆ ಹೊರಟುಹೋಗಿದೆ ಅನ್ನಿ. ಆಗ ವೈದ್ಯರು ಗುಂಡು ಹೊಕ್ಕ ಗಾಯ, ಹೊರಟ ಗಾಯ ಅಳೆದು ಬರೆಯುತ್ತಾರೆ, ಆಯುಧ ಯಾವುದೆಂಬುದು ಅಭಿಪ್ರಾಯದಲ್ಲೇ ಉಳಿಯುತ್ತದೆ.

ಗುಂಡು ಚೂರಾಗಿದ್ದರೆ ನಳಿಗೆಯ ಗೀರು ಹೋಲಿಸಲು ಆಗುವುದು ಕಷ್ಟ. ಆಗ ಕೇಸ್ ನಿಲ್ಲುವುದು ಖಾಲಿ ಕಾಟ್ರಿಜ್ ಮೇಲೆ. ಫೈರಿಂಗ್ ಪಿನ್ ಗುರುತು, ಎಕ್ಸ್‌ಟ್ರ್ಯಾಕ್ಟರ್ ಗೀರು, ಬ್ರೀಚ್ ಮುಖದ ಅಚ್ಚು ಎಲ್ಲ ಅದರ ಮೇಲಿರುತ್ತದೆ. ಸೇನೆಯ 5.56 ರೈಫಲ್ ಇನ್ಸಾಸ್ ಖಾಲಿ ಕಾಟ್ರಿಜ್ಜನ್ನು ಬಲಕ್ಕೆ ಎಸೆಯುತ್ತದೆ. ಹೆಣದ ಸುತ್ತ ಹುಡುಕಿದರೆ ಸಿಗದು, ಹಾರಿಸಿದವ ನಿಂತ ಜಾಗ ಗೊತ್ತಾಗಬೇಕು. ಏಪ್ರಿಲ್‌ನಲ್ಲಿ ಕಾಡಂಚಿನಲ್ಲಿ ಮೊಣಕಾಲುದ್ದ ದರಗು, ಅಂದರೆ ಉದುರಿದ ಒಣ ಎಲೆ. ಹಗ್ಗ ಕಟ್ಟಿ ಚೌಕ ಮಾಡಿ, ಮೆಟಲ್ ಡಿಟೆಕ್ಟರ್ ಇಟ್ಟು, ಒಂದೊಂದೇ ಚೌಕದ ಎಲೆ ಸರಿಸಬೇಕು. ಹಿತ್ತಾಳೆಯ ತುಂಡು ಸಿಕ್ಕರೆ ಲೋಹದ ಚಿಮುಟದಲ್ಲಿ ಎತ್ತಬಾರದು, ಹೊಸ ಗೀರು ಬೀಳುತ್ತದೆ. ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಬೇಕು.

ಇನ್ನೊಂದು ಮುಖ್ಯ ಸಂಗತಿ ಬಟ್ಟೆ. ರಕ್ತದ ಬಟ್ಟೆಯನ್ನು ಒದ್ದೆಯಿದ್ದಾಗಲೇ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ನಮ್ಮ ಕಡೆಯ ಹವೆಗೆ ನಾಲ್ಕು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಬೆಂಗಳೂರು ಮಡಿವಾಳದ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ತಲುಪುವಾಗ ಪರೀಕ್ಷೆಗೆ ಉಳಿದಿರುವುದಿಲ್ಲ. ನೆರಳಲ್ಲಿ ಗಾಳಿಗೆ ಒಣಗಿಸಿ ಕಾಗದದ ಚೀಲಕ್ಕೆ ಹಾಕಿ ಅರಗಿನ ಸೀಲು ಒತ್ತಬೇಕು. ಪಿಎಫ್ (ಜಪ್ತಿ ವಸ್ತುಗಳ ನಮೂನೆ) ನಂಬರ್ ಹಾಕಿ ಕೋರ್ಟಿಗೆ ತಿಳಿಸಬೇಕು. ಪೊಟ್ಟಣ ಹೊತ್ತುಕೊಂಡು ಬೆಂಗಳೂರಿಗೆ ಹೋದ ಪೊಲೀಸ್ ಪೇದೆಯ (ಪಿಸಿ) ಹೇಳಿಕೆ ದಾಖಲಾಗಬೇಕು. ಆ ಪಿಸಿಯ ಹೇಳಿಕೆ ಬಿಟ್ಟುಹೋದ ಕೇಸಿನಲ್ಲಿ ಆರೋಪಿ ಪರ ವಕೀಲರು ಮೊದಲು ಕೈಯಿಡುವುದೇ ಅಲ್ಲಿಗೆ.

ಸೊಪ್ಪಿನಬೆಟ್ಟ
ಎಲ್ಲರೂ ಒಂದು ವಿಷಯ ಬಿಟ್ಟಿರಿ ಮಾರಾಯ್ರೆ. 2024ರ ಏಪ್ರಿಲ್ ಅಂದರೆ ಲೋಕಸಭೆ ಚುನಾವಣೆ. ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಶಿವಮೊಗ್ಗದಲ್ಲಿ ಮತದಾನ ಮೇ 7, ಎಣಿಕೆ ಜೂನ್ 4. ಚುನಾವಣೆ ಬಂದರೆ ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕು, ವಿನಾಯಿತಿ ಬೇಕಾದವರು ಪರಿಶೀಲನಾ ಸಮಿತಿಗೆ ಅರ್ಜಿ ಕೊಡಬೇಕು. ಹಾಗಾಗಿ ಊರವರು 'ಹಂದಿ ಕಾಯುವವರ ಕೋವಿ' ಎಂದು ಅಷ್ಟು ಸಲೀಸಾಗಿ ನಂಬುವುದಿಲ್ಲ. ಕೋವಿಗಳೆಲ್ಲ ಠಾಣೆಯ ಮೂಲೆಯಲ್ಲಿ ಚೀಟಿ ಕಟ್ಟಿಸಿಕೊಂಡು ನಿಂತಿರುತ್ತವೆ.

ಇದು ನಿಮಗೆ ಲಾಭ. ಆ ತಿಂಗಳು ರಾತ್ರಿ ಹತ್ತಕ್ಕೆ ಒಂದು ಈಡಿನ ಸದ್ದು ಕೇಳಿದರೆ ಪ್ರತಿ ಮನೆಯವರೂ ಅದನ್ನು ನೆನಪಿಟ್ಟಿರುತ್ತಾರೆ. ಬೇರೆ ತಿಂಗಳಾದರೆ ಯಾರೂ ಕಿವಿಗೊಡುವುದಿಲ್ಲ. ಮೊದಲ ಅನುಮಾನ ಕಳ್ಳಕೋವಿ ಇಟ್ಟುಕೊಂಡವರ ಮೇಲೆ ಹೋಗುತ್ತದೆ, ಅವರು ಹೆದರಿ ಬಾಯಿ ಬಿಡುವುದಿಲ್ಲ. ಸಾಕ್ಷಿ ಸಿಗದಿರಲು ಇದಕ್ಕಿಂತ ಸಹಜ ಕಾರಣ ಬೇಕಾ?

ಕೆಂಪುಟೋಪಿ
ಬಹಳ ಒಳ್ಳೆಯ ಅಂಶ. ಸದ್ದಿನ ಬಗ್ಗೆ ಒಂದು ಸೇರಿಸುತ್ತೇನೆ. ಇನ್ಸಾಸ್ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 900 ಮೀಟರ್ ವೇಗ, ಶಬ್ದದ್ದು ಸುಮಾರು 340. ಗುಂಡಿನ ಹಾದಿಯ ಹತ್ತಿರ, ಹಾರಿಸಿದ ಜಾಗದಿಂದ 300 ಮೀಟರ್ ದೂರ ಇದ್ದವರಿಗೆ ಎರಡು ಸದ್ದು ಕೇಳುತ್ತದೆ: ಮೊದಲು ಚಟೀರ್ ಎಂಬ ಸೀಳು, ಅರ್ಧ ಸೆಕೆಂಡಿನ ಆಚೀಚೆ ಧಡ್ ಎಂಬ ಮೊಳಗು. ಕೇಪಿನ ಕೋವಿಯಲ್ಲಿ ಆ ಸೀಳು ಇರುವುದಿಲ್ಲ. ಕೋವಿ ಬಲ್ಲ ಮುದುಕರೊಬ್ಬರು "ಎರಡು ಸಲ ಕೇಳ್ತು, ಆದ್ರೆ ಎರಡು ಈಡಲ್ಲ" ಎಂದರೆ ಮೇಜರ್‌ಗೆ ಅಲ್ಲೇ ಹೊಳೆಯಬೇಕು. ಕೇಳಿದವರು ನಿಂತ ಜಾಗವೂ ಮುಖ್ಯ. ಪಕ್ಕದ ಗುಡ್ಡದ ಮನೆಯವರಿಗೆ ಮರುದನಿ ಸೇರಿ ಏನೂ ಬೇರ್ಪಡದು.

ವಕಾಲತ್ತು
ದಿನಾಂಕದ ಬಗ್ಗೆ ನಾನೂ ಹೇಳಬೇಕು. ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಮೂರೂ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಏಪ್ರಿಲ್‌ನ ಕೊಲೆಗೆ ಐಪಿಸಿ 302, ಒಳಸಂಚಿಗೆ 120ಬಿ. ಕಥೆ ಜುಲೈ ದಾಟಿದರೂ ಆ ಎಫ್‌ಐಆರ್‌ನ ತನಿಖೆ ಸಿಆರ್‌ಪಿಸಿಯಲ್ಲೇ ಮುಂದುವರಿಯುತ್ತದೆ. ಆದರೆ ಆಗಸ್ಟ್‌ನಲ್ಲಿ ಗುಂಪು ಇನ್ನೊಂದು ಅಪರಾಧ ಮಾಡಿದರೆ ಅದಕ್ಕೆ ನ್ಯಾಯ ಸಂಹಿತೆ (ಬಿಎನ್‌ಎಸ್): ಕೊಲೆಗೆ 103, ಒಳಸಂಚಿಗೆ 61(2). ಅಲ್ಲಿ ಶೋಧ ಮತ್ತು ಜಪ್ತಿಯ ಆಡಿಯೋ ವಿಡಿಯೋ ಚಿತ್ರೀಕರಣ ಕಡ್ಡಾಯ, ನಾಗರಿಕ ಸುರಕ್ಷಾ ಸಂಹಿತೆ ಕಲಂ 105. ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಕ್ಕೆ ರಾಜ್ಯ ಸರ್ಕಾರ ಅಧಿಸೂಚಿಸಿದ ದಿನದಿಂದ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ಅದೇ ಸಂಹಿತೆಯ ಕಲಂ 176(3). ಒಂದೇ ಠಾಣೆಯ ಒಬ್ಬನೇ ರೈಟರ್ ಎರಡು ಕಡತಕ್ಕೆ ಎರಡು ಕಾನೂನಿನಲ್ಲಿ ಬರೆಯುತ್ತಿರುತ್ತಾನೆ. 2024ರ ಮಳೆಗಾಲದ ಠಾಣೆಯನ್ನು ತೋರಿಸಲು ಇದೊಂದು ವಿವರ ಸಾಕು.

ಈಗ ಮುಖ್ಯ ಗಂಟು. ಸತ್ತವನು ಯಾರು ಎಂಬುದು ಯಾವ ನ್ಯಾಯಾಲಯ ಎಂಬುದನ್ನು ನಿರ್ಧರಿಸುತ್ತದೆ. ಸೇನಾ ಕಾಯ್ದೆ ಕಲಂ 70: ಸೇನೆಗೆ ಸೇರದ ವ್ಯಕ್ತಿಯನ್ನು ಸೈನಿಕ ಕೊಂದರೆ, ಸಕ್ರಿಯ ಸೇವೆ, ವಿದೇಶ, ಅಧಿಸೂಚಿತ ಗಡಿಠಾಣೆ ಬಿಟ್ಟರೆ ಕೋರ್ಟ್ ಮಾರ್ಷಲ್ ವಿಚಾರಣೆ ಮಾಡುವಂತಿಲ್ಲ. ನಿಮ್ಮ ಕಥೆಯಲ್ಲಿ ಸತ್ತವನೂ ಸೈನಿಕ. ಕೊಂದವನು ಸೇವೆಯಲ್ಲಿರುವವನಾದರೆ ಕಲಂ 69ರಡಿ ಕೋರ್ಟ್ ಮಾರ್ಷಲ್ ಸಾಧ್ಯ, ಸೆಷನ್ಸ್ ನ್ಯಾಯಾಲಯವೂ ಸಾಧ್ಯ. ಆಯ್ಕೆ ಮೊದಲು ಸೇನೆಯ ನಿಗದಿತ ಅಧಿಕಾರಿಯದು, ಕಲಂ 125. ಮ್ಯಾಜಿಸ್ಟ್ರೇಟ್ ಒಪ್ಪದಿದ್ದರೆ ಆರೋಪಿಯನ್ನು ಕೊಡಿ ಎಂದು ಕೇಳಬಹುದು. ಆಗ ಒಂದೋ ಒಪ್ಪಿಸಬೇಕು, ಇಲ್ಲವೇ ಕೇಂದ್ರ ಸರ್ಕಾರದ ತೀರ್ಮಾನಕ್ಕೆ ಕಳಿಸಬೇಕು, ಕಲಂ 126. ನಾಗರಿಕ ಸಂಚುಕೋರರನ್ನು ಮಾತ್ರ ಕೋರ್ಟ್ ಮಾರ್ಷಲ್ ಮುಂದೆ ತರಲು ಆಗುವುದೇ ಇಲ್ಲ. ಒಂದೇ ಸಂಚು ಎರಡು ಕಡೆ ಹರಿದು ಹಂಚಿಹೋಗುವ ಅಪಾಯ ಮೇಜರ್‌ನ ನಿಜವಾದ ಸಂಕಟ. ತನ್ನ ಆರೋಪಿಯನ್ನು ಬಿಟ್ಟುಕೊಟ್ಟರೆ ಮಾತ್ರ ಪೂರ್ತಿ ಸಂಚು ಒಂದೇ ನ್ಯಾಯಾಲಯದ ಮುಂದೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಕಾದಂಬರಿಯ ಕ್ಲೈಮ್ಯಾಕ್ಸ್ ಆ ಸಹಿ, ಗುಂಡಿನ ಕಾಳಗ ಬೇಡ.

ನಿವೃತ್ತರನ್ನು ತಂದರೆ ಕಲಂ 123 ನೋಡಿ. ಸೇವೆಯಲ್ಲಿದ್ದಾಗ ಮಾಡಿದ ಅಪರಾಧಕ್ಕೆ ನಿವೃತ್ತಿಯಾದ ಮೂರು ವರ್ಷದೊಳಗೆ ವಿಚಾರಣೆ ಶುರುವಾಗಬೇಕು, ಬಂಡಾಯ, ಪಲಾಯನದಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ನಗರಕೋಟೆ
ತಪ್ಪೊಪ್ಪಿಗೆ? ಎನ್‌ಕ್ವೈರಿಯಲ್ಲಿ ಸಂಚಿನಲ್ಲಿದ್ದ ಸುಬೇದಾರ್ ಎಲ್ಲ ಹೇಳಿಬಿಡುವ ದೃಶ್ಯ ಬರೆದಾಗಿದೆ, ಚೆನ್ನಾಗಿಯೂ ಬಂದಿದೆ.

ವಕಾಲತ್ತು
ದೃಶ್ಯ ಇಟ್ಟುಕೊಳ್ಳಿ, ಅದರ ಫಲ ಬದಲಿಸಿ. ಸೇನಾ ನಿಯಮ 182ರ ಪ್ರಕಾರ ಕೋರ್ಟ್ ಆಫ್ ಎನ್‌ಕ್ವೈರಿಯ ನಡಾವಳಿಯಾಗಲಿ ಅಲ್ಲಿ ಕೊಟ್ಟ ತಪ್ಪೊಪ್ಪಿಗೆಯಾಗಲಿ ಅವನ ವಿರುದ್ಧ ಸಾಕ್ಷ್ಯವಾಗುವುದಿಲ್ಲ, ಅಲ್ಲಿ ಸುಳ್ಳು ಸಾಕ್ಷಿ ಹೇಳಿದ ಆರೋಪವೊಂದನ್ನು ಬಿಟ್ಟು. ನಿಯಮ 180 ಇನ್ನೊಂದು ಕಡೆ: ಒಬ್ಬನ ನಡತೆ, ಮಿಲಿಟರಿ ಗೌರವಕ್ಕೆ ಧಕ್ಕೆ ತರುವ ವಿಚಾರಣೆಯಾದರೆ ಅವನು ಮೊದಲಿನಿಂದ ಕೊನೆಯವರೆಗೆ ಹಾಜರಿದ್ದು ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಅವಕಾಶ ಕೊಡಬೇಕು. ಅವನನ್ನು ಹೊರಗೆ ಕೂರಿಸಿ ಸಾಕ್ಷಿ ಪಡೆದರೆ ವಿಚಾರಣೆಯೇ ದೋಷದ್ದಾಗುತ್ತದೆ. ಸುಬೇದಾರ್ ಎಲ್ಲ ಹೇಳುತ್ತಾನೆ, ಕೋಣೆಯಲ್ಲಿದ್ದವರಿಗೆಲ್ಲ ಸತ್ಯ ಗೊತ್ತಾಗುತ್ತದೆ, ಕಾಗದದ ಮೇಲೆ ಅದಕ್ಕೆ ಬೆಲೆಯಿಲ್ಲ. ಇನ್ನು ಪ್ರತಿ ಮಾತಿಗೂ ಹೊರಗಿನ ಪುರಾವೆ ಹುಡುಕಬೇಕು. ಮಧ್ಯಂತರ ಅಲ್ಲಿಗೆ ಬರಲಿ. ಮುಂದೆ ಆರೋಪ ಹೊರಿಸಿ, ನಿಯಮ 22ರ ವಿಚಾರಣೆ, ನಿಯಮ 23ರ ಸಮ್ಮರಿ ಆಫ್ ಎವಿಡೆನ್ಸ್ (ಸಾಕ್ಷಿಗಳ ಹೇಳಿಕೆ ದಾಖಲು) ಹೊಸದಾಗಿ ನಡೆಯಬೇಕು.

ಬಂಧನದಲ್ಲಿಟ್ಟ 48 ಗಂಟೆಯೊಳಗೆ ಆರೋಪದ ವಿಚಾರಣೆ ಶುರುವಾಗಬೇಕು, ಕಲಂ 102. ಎಂಟು ದಿನ ಮೀರಿಯೂ ಕೋರ್ಟ್ ಮಾರ್ಷಲ್‌ಗೆ ಆದೇಶವಾಗದಿದ್ದರೆ ಕಾರಣ ಬರೆದು ಮೇಲಕ್ಕೆ ವರದಿ, ಕಲಂ 103. ವಾರಗಟ್ಟಲೆ ಕತ್ತಲೆ ಕೋಣೆಯ ದೃಶ್ಯ ಇದ್ದರೆ ತೆಗೆಯಿರಿ.

ಮಹಜರು
ಆ ಹೊರಗಿನ ಪುರಾವೆ ಮದ್ದುಗುಂಡಿನ ಲೆಕ್ಕದಲ್ಲೇ ಇರಬೇಕಲ್ಲವೇ? ಕೆಂಪುಟೋಪಿ ಅವರು ಬಿಡಿಸಿ ಹೇಳಿದರೆ ಒಳ್ಳೆಯದು.

ಕೆಂಪುಟೋಪಿ
ಹೇಳುತ್ತೇನೆ. ಯೂನಿಟ್‌ನ ಆಯುಧ ಕೋಣೆಗೆ ಸಿಪಾಯಿಗಳ ಬಾಯಲ್ಲಿ ಕೋತ್. ಫೈರಿಂಗ್ ಅಭ್ಯಾಸಕ್ಕೆ ಹೊರಟಾಗ ಇಷ್ಟು ಸುತ್ತು ಕೊಟ್ಟೆವು ಎಂದು ಬರೆಯುತ್ತಾರೆ. ಮರಳಿದಾಗ ಮೂರು ಸಂಖ್ಯೆ ಬೇಕು: ಹಾರಿಸದೆ ಉಳಿದದ್ದು, ಹಾರದೆ ಕೆಟ್ಟದ್ದು, ಖೋಖಾ ಅಂದರೆ ಖಾಲಿ ಕಾಟ್ರಿಜ್. ಮೂರರ ಮೊತ್ತ ಕೊಟ್ಟದ್ದಕ್ಕೆ ಸರಿಹೋಗಬೇಕು.

ಕಥೆಯ ಕಳ್ಳತನ ಹೀಗಿರಲಿ. ಮಳೆ ಬಂದು ಅಭ್ಯಾಸ ಅರ್ಧಕ್ಕೆ ನಿಂತಿದೆ. ರಿಜಿಸ್ಟರಿನಲ್ಲಿ ಪೂರ್ತಿ ಹಾರಿಸಿದಂತೆ ಬರೆದಿದ್ದಾರೆ. ಕಡಿಮೆ ಬಿದ್ದ ಖೋಖಾ ಜಾಗಕ್ಕೆ ಹಳೆಯ ಅಭ್ಯಾಸದ ಖೋಖಾ ಸೇರಿಸಿ ಲೆಕ್ಕ ಸರಿಮಾಡಿದ್ದಾರೆ. ಎಣಿಸಿದರೆ ಸರಿ, ತೂಗಿದರೂ ಸರಿ. ಸಿಕ್ಕಿಬೀಳುವುದು ಖೋಖಾ ಮಗುಚಿ ಹಿಂಬದಿ ನೋಡಿದಾಗ. ಅಲ್ಲಿ ಕಾರ್ಖಾನೆಯ ಅಕ್ಷರ ಮತ್ತು ತಯಾರಾದ ವರ್ಷ ಒತ್ತಿರುತ್ತದೆ: ವರಣಗಾಂವ್‌ನದಾದರೆ ಓಎಫ್‌ವಿ, ಖಡ್ಕಿಯದಾದರೆ ಕೆಎಫ್. ಆ ದಿನ ಕೊಟ್ಟ ಲಾಟ್ 2021ರದು, ಮರಳಿದ ಖೋಖಾಗಳ ರಾಶಿಯಲ್ಲಿ 2016ರವೂ ಇವೆ. ಸತ್ತ ಹವಾಲ್ದಾರ್ ಕಂಡದ್ದು ಇದನ್ನೇ. ಇದನ್ನು ಹತ್ತಿರದಿಂದ ತೋರಿಸಿ: ರಾತ್ರಿ ಬಲ್ಬಿನ ಕೆಳಗೆ ಅವನು ಖೋಖಾ ಒಂದೊಂದೇ ಮಗುಚುತ್ತ, ಬುಡದ ಮಸಿ ಉಗುರಿನಿಂದ ಒರೆಸುತ್ತ, ಎರಡು ಸಾಲು ಮಾಡಿ ಇಡುತ್ತಾನೆ. ಎರಡನೇ ಸಾಲು ಬೆಳೆಯುತ್ತಾ ಹೋಗುತ್ತದೆ. ಮುಂದೆ ದರಗಿನಲ್ಲಿ ಸಿಕ್ಕ ಕಾಟ್ರಿಜ್ ಮೇಲೂ ಅದೇ 2021 ಇದ್ದರೆ ಕಾಡು ಮತ್ತು ಕೋತ್ ಒಂದಕ್ಕೊಂದು ಕೂಡುತ್ತವೆ.

ಒಂದು ಎಚ್ಚರ: ಹಿಂಬದಿಯ ವರ್ಷ ಒಂದೇ ಆಗಿದ್ದರೆ ಅದೇ ಲಾಟ್ ಎಂದು ಸಾಬೀತಾಗದು. ಒಂದೇ ವರ್ಷ ಎಷ್ಟೋ ಲಾಟ್ ಬರುತ್ತವೆ, ಲಾಟ್ ನಂಬರ್ ಇರುವುದು ಪೆಟ್ಟಿಗೆಯ ಮೇಲೆ. ಮೇಜರ್ ಇದನ್ನು ತೀರ್ಪಿನ ಹಾಗೆ ಘೋಷಿಸಬಾರದು. ದಿಕ್ಕು ಸಿಕ್ಕಿತು ಅಷ್ಟೆ. 2021ರ ಅಕ್ಟೋಬರ್ 1ಕ್ಕೆ ಆರ್ಡ್‌ನೆನ್ಸ್ ಕಾರ್ಖಾನೆ ಮಂಡಳಿ ಏಳು ಕಂಪನಿಗಳಾಗಿ ಒಡೆಯಿತು, ಮದ್ದುಗುಂಡು ಮ್ಯುನಿಷನ್ಸ್ ಇಂಡಿಯಾ ಪಾಲಿಗೆ ಬಂತು. ಹಾಗಾಗಿ ಸಂಭಾಷಣೆಯಲ್ಲಿ 2024ರಲ್ಲಿ 'ಮಂಡಳಿಗೆ ಪತ್ರ ಬರೆಯಿರಿ' ಎನ್ನಿಸಬೇಡಿ.

ಟವರ್‌ಸಾಲು
ಮೊಬೈಲ್ ಭಾಗಕ್ಕೆ ನನ್ನದು. ಕರಡಿನಲ್ಲಿ ಮೇಜರ್ ಮೊಬೈಲ್ ಕಂಪನಿಗೆ ಫೋನ್ ಮಾಡಿ ಸಿಡಿಆರ್ (ಕರೆ ವಿವರದ ದಾಖಲೆ) ತರಿಸಿದರೆ ತೆಗೆದುಹಾಕಿ. ಎಸ್‌ಪಿ ಅಥವಾ ಮೇಲಿನ ಹುದ್ದೆಯವರ ಒಪ್ಪಿಗೆಯಿಂದಲೇ ಕೋರಿಕೆ ಹೋಗಬೇಕು. ಕಂಪನಿಗಳು ಕನಿಷ್ಠ ಎರಡು ವರ್ಷದ ದಾಖಲೆ ಇಟ್ಟಿರಬೇಕೆಂಬ ನಿಯಮ 2021ರ ಡಿಸೆಂಬರ್‌ನಿಂದ ಇದೆ. ಹಾಗಾಗಿ 2022ರ ಕೊನೆಯ ಕರೆಗಳೂ ಸಿಗುತ್ತವೆ, ಸಂಚು ಅಲ್ಲಿಂದ ಶುರುವಾಗಲಿ.

ಸಿಡಿಆರ್‌ನಲ್ಲಿ ಮಾತು ಇರುವುದಿಲ್ಲ. ಕರೆದ ನಂಬರ್, ಕರೆಸಿಕೊಂಡ ನಂಬರ್, ಹೊತ್ತು, ಅವಧಿ, ಮೊದಲ ಸೆಲ್, ಕೊನೆಯ ಸೆಲ್, ಐಎಂಇಐ (ಹ್ಯಾಂಡ್‌ಸೆಟ್‌ನ ಗುರುತು ಸಂಖ್ಯೆ), ಐಎಂಎಸ್‌ಐ (ಸಿಮ್‌ನ ಗುರುತು ಸಂಖ್ಯೆ). ಸಿಮ್ ಬದಲಿಸಿದವ ಹ್ಯಾಂಡ್‌ಸೆಟ್ ಬದಲಿಸದಿದ್ದರೆ ಐಎಂಇಐ ಅವನನ್ನು ಬಿಡುವುದಿಲ್ಲ. ವಾಟ್ಸಾಪ್ ಕರೆ ಸಿಡಿಆರ್‌ನಲ್ಲಿ ಬಾರದು. ಅದಕ್ಕೆ ಐಪಿಡಿಆರ್ (ಇಂಟರ್ನೆಟ್ ಬಳಕೆಯ ದಾಖಲೆ) ಬೇಕು, ಅಲ್ಲಿಯೂ ಐಪಿ ವಿಳಾಸ, ಪೋರ್ಟ್, ಹೊತ್ತು ಮಾತ್ರ.

ಘಟ್ಟದ ಅಂಚಿನಲ್ಲಿ ಟವರ್ ಲೊಕೇಶನ್ ಮೋಸ ಮಾಡುತ್ತದೆ. ಹತ್ತಿರದ ಟವರ್ ಗುಡ್ಡದ ಮರೆಯಲ್ಲಿದ್ದರೆ ಫೋನ್ ದೂರದ ಟವರ್ ಹಿಡಿಯುತ್ತದೆ. ನಿಟ್ಟೂರು ಕಡೆಯ ಗುಡ್ಡದ ನೆತ್ತಿಯಲ್ಲಿ ನಿಂತವನ ಕರೆ ಉಡುಪಿ ಜಿಲ್ಲೆಯ ಸೆಲ್‌ನಲ್ಲಿ ದಾಖಲಾಗುವುದು ಸಾಧ್ಯ. ದೂರದ ಅಂದಾಜಿಗೆ 2ಜಿಯಲ್ಲಿ ಟೈಮಿಂಗ್ ಅಡ್ವಾನ್ಸ್ ಇದೆ, ಒಂದೊಂದು ಹೆಜ್ಜೆ ಸುಮಾರು 550 ಮೀಟರ್. ಆದರೆ ಅದು ಮಾಮೂಲಿ ಸಿಡಿಆರ್‌ನಲ್ಲಿ ಇರುವುದಿಲ್ಲ. ಆರೋಪಿ ಆ ಹೊತ್ತಿಗೆ ಘಟ್ಟದ ಕೆಳಗಿದ್ದೆ ಎನ್ನುತ್ತಾನೆ, ಸೆಲ್ ಐಡಿ ಅವನ ಪರವಾಗಿಯೇ ನಿಲ್ಲುತ್ತದೆ. ಅದನ್ನು ಮುರಿಯಲು ಪೊಲೀಸರು ಅದೇ ಜಾಗದಲ್ಲಿ ನಿಂತು ಯಾವ ಸೆಲ್ ಹಿಡಿಯುತ್ತದೆಂದು ಪರೀಕ್ಷಿಸಿ ಮಹಜರು ಮಾಡಬೇಕು. ಊರವರು 'ರೇಂಜ್ ಸಿಗುವ ಕಲ್ಲು' ಎಂದು ತೋರಿಸುವ ಒಂದು ಜಾಗ ಪ್ರತಿ ಹಳ್ಳಿಯಲ್ಲಿ ಇದ್ದೇ ಇರುತ್ತದೆ. ಪರೀಕ್ಷೆ ಅಲ್ಲಿ ನಡೆಯಲಿ.

ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು. 60 ದಿನ, ನವೀಕರಿಸಿದರೂ ಒಟ್ಟು 180 ದಿನಕ್ಕೆ ಮುಗಿಯುತ್ತದೆ. ಏಪ್ರಿಲ್‌ನ ಕಡತವಾದ್ದರಿಂದ ಎಲೆಕ್ಟ್ರಾನಿಕ್ ದಾಖಲೆಗೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಸಾಕು. ಆಗಸ್ಟ್‌ನ ಕೇಸಿಗೆ ಹೊಸ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಎರಡು ಭಾಗದ ಪ್ರಮಾಣಪತ್ರ, ಹ್ಯಾಶ್ ಮೌಲ್ಯದೊಂದಿಗೆ (ಕಡತದ ಡಿಜಿಟಲ್ ಗುರುತು).

ಸೊಪ್ಪಿನಬೆಟ್ಟ
ಜಾಗದ ವಿವರ ಇಷ್ಟು ನೋಡಿಕೊಳ್ಳಿ. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ಕ್ಕೆ. ನಿಮ್ಮ ಕಥೆಯಲ್ಲಿ ಶರಾವತಿ ಹಿನ್ನೀರು ದಾಟುವವರಿಗೆ ಲಾಂಚೇ ಗತಿ. ಸಂಜೆ ಲಾಂಚ್ ನಿಂತ ಮೇಲೆ ತುಮರಿ ಕಡೆಯವನು ಸಾಗರಕ್ಕೆ ಬರಬೇಕಾದರೆ ನಿಟ್ಟೂರು, ಹೊಸನಗರದ ಮೇಲೆ ಸುತ್ತಿ ಬರಬೇಕು. ಬೇಸಿಗೆ ಕೊನೆಯಲ್ಲಿ ನೀರು ತಗ್ಗಿದರೆ ಲಾಂಚಿಗೆ ವಾಹನ ಹತ್ತಿಸುವುದೂ ಕಷ್ಟ. ಬೆನ್ನಟ್ಟುವ ದೃಶ್ಯಕ್ಕೆ ಇದನ್ನು ಬಳಸಿ. ಪಿಕಪ್‌ನಲ್ಲಿ ಪೆಟ್ಟಿಗೆ ಸಾಗಿಸುವವನು ಹಗಲಲ್ಲೇ ಎಲ್ಲರ ಕಣ್ಣೆದುರು ಲಾಂಚ್ ಹತ್ತಬೇಕಾಗುತ್ತದೆ.

ಆಗುಂಬೆ ಘಾಟಿಯಲ್ಲಿ ಲಾರಿ ಓಡಿಸಬೇಡಿ. 14 ತಿರುವು, ಭಾರಿ ವಾಹನಕ್ಕೆ ನಿಷೇಧ. ಲಾರಿಯೇ ಬೇಕಾದರೆ ಹುಲಿಕಲ್ ಘಾಟಿ ನೋಡಿ.

ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ ರೋಗ. ದರಗಿನಲ್ಲಿ ಕೂತು ಕಾಟ್ರಿಜ್ ಹುಡುಕುವವರಿಗೆ ಉಣುಗು ಹತ್ತದೇ ಇರದು. ಆರೋಗ್ಯ ಇಲಾಖೆಯ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೇ ಕಾಡಿಗೆ ಹೋಗಬೇಕು. ವಾಪಸು ಬಂದು ಬಿಸಿನೀರಲ್ಲಿ ಸ್ನಾನ, ಬಟ್ಟೆ ಒಗೆಯುವುದು. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಬರಬಹುದು. ಕಾಟ್ರಿಜ್ ಎತ್ತಿದ ಪಿಸಿಯೇ ಮರುವಾರ ಆಸ್ಪತ್ರೆ ಸೇರಿದರೆ ಮಡಿವಾಳಕ್ಕೆ ಪೊಟ್ಟಣ ಒಯ್ಯುವವರು ಬೇರೆಯವರಾಗುತ್ತಾರೆ. ಮಹಜರು ಅವರು ಹೇಳಿದ ಕೊಂಡಿ ಅಲ್ಲೇ ಸಡಿಲವಾಗಬಹುದು.

ಕರಡುಪ್ರತಿ
ಒಂದು ಸಲಹೆ. ಏಪ್ರಿಲ್ ಬದಲು ನವೆಂಬರ್ ಇಟ್ಟರೆ ಅಡಿಕೆ ಸುಲಿಯುವ ಕಾಲ. ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತಾರು ಜನ ಎಚ್ಚರ ಇರುತ್ತಾರೆ, ಸಾಕ್ಷಿ ಜಾಸ್ತಿ. ಅಂಗಳದಲ್ಲಿ ಅಡಿಕೆ ಬೇಯಿಸಿದ ಚೊಗರಿನ ಕೆಂಪು ಕಲೆ ಎಲ್ಲೆಲ್ಲೂ, ರಕ್ತದ ಕಲೆ ಬೇರ್ಪಡಿಸುವುದೇ ತನಿಖೆ.

ಮಹಜರು
ಕಲೆಯ ವಿಷಯ ಸರಿ. ಸ್ಥಳದಲ್ಲಿ ಮಾಡುವ ಪ್ರಾಥಮಿಕ ಬಣ್ಣದ ಪರೀಕ್ಷೆ ಕೆಲವು ಸಸ್ಯರಸಕ್ಕೂ ರಕ್ತದ ಹಾಗೇ ಬಣ್ಣ ತೋರಿಸಿಬಿಡುತ್ತದೆ, ಮನುಷ್ಯರ ರಕ್ತ ಎಂಬುದು ಪ್ರಯೋಗಾಲಯದಲ್ಲೇ ಖಚಿತವಾಗಬೇಕು. ಆದರೆ ನವೆಂಬರ್‌ಗೆ ಹೋದರೆ ಕೋವಿ ಠೇವಣಿ ಹೋಯಿತು, ಉಣುಗು ಹೋಯಿತು, ಎರಡು ಕಾನೂನಿನ ಎಳೆದಾಟ ಹೋಯಿತು. ನನ್ನ ಮತ ಏಪ್ರಿಲ್‌ಗೆ. ಸುಲಿಯುವ ಮನೆಯನ್ನು ಆಗಸ್ಟ್‌ನ ಎರಡನೇ ಅಪರಾಧಕ್ಕೂ ತರುವಂತಿಲ್ಲ, ಆಗ ತೋಟದಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಹೊಡೆಯುವ ಕೆಲಸ.

ವಕಾಲತ್ತು
ಗುಂಪು ಬಯಲಾದ ಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಕಲಂ ಸೇರಿದ ತಕ್ಷಣ ಎನ್‌ಐಎ ಕಾಯ್ದೆ 2008ರ ಕಲಂ 6ರಂತೆ ಠಾಣೆಯ ವರದಿ ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ಕೇಂದ್ರಕ್ಕೆ ಹೋಗುತ್ತದೆ. ಕೇಂದ್ರ 15 ದಿನದಲ್ಲಿ ತೀರ್ಮಾನಿಸಬೇಕು. ಈ 15 ದಿನ ನಿಮ್ಮ ಕಥೆಯ ಗಡಿಯಾರ. ಜಿಲ್ಲಾ ಪೊಲೀಸರು ಆಮೇಲೆ ಕಡತ ಬಿಟ್ಟುಕೊಡಬೇಕಾಗಬಹುದು ಎಂದು ತಿಳಿದೇ ಓಡಾಡುತ್ತಾರೆ. ಪೊಲೀಸ್ ಕಸ್ಟಡಿ 30 ದಿನದವರೆಗೆ, ಆರೋಪಪಟ್ಟಿಗೆ 90 ದಿನ, ಸರ್ಕಾರಿ ಅಭಿಯೋಜಕರ ವರದಿ ಮೇಲೆ ನ್ಯಾಯಾಲಯ ಒಪ್ಪಿದರೆ 180. ಸ್ಫೋಟಕ ಸಿಕ್ಕರೆ 1908ರ ಸ್ಫೋಟಕ ವಸ್ತುಗಳ ಕಾಯ್ದೆಯಡಿ ವಿಚಾರಣೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಒಪ್ಪಿಗೆ ಬೇಕು, ಕಲಂ 7. ಅದು ಬಿಟ್ಟುಹೋದರೆ ಆ ಆರೋಪ ಬೀಳುತ್ತದೆ.

ಸಂಚು ಸಾಬೀತಾಗುವುದು ಸಾಮಾನ್ಯವಾಗಿ ಮಾಫಿ ಸಾಕ್ಷಿಯಿಂದ, ಸಿಆರ್‌ಪಿಸಿ 306. ಅವನ ಮಾತನ್ನು ಮುಖ್ಯ ಅಂಶಗಳಲ್ಲಿ ಬೇರೆ ಪುರಾವೆ ಎತ್ತಿಹಿಡಿಯಬೇಕು. ಮನೆ ಬಾಡಿಗೆ ಕರಾರು, ಇನ್ನೊಬ್ಬರ ದಾಖಲೆ ಕೊಟ್ಟು ಕೊಂಡ ಸಿಮ್, ಖೋಖಾ ಲೆಕ್ಕ, ಲಾಂಚಿನಲ್ಲಿ ಪಿಕಪ್ ನೋಡಿದವರು ಹೀಗೆ. ಸಂಚಿನಲ್ಲಿದ್ದ ಒಬ್ಬೊಬ್ಬನಿಗೂ ತನ್ನ ಪಾಲಿನದಷ್ಟೇ ಗೊತ್ತಿರಲಿ. ಎಲ್ಲ ಬಲ್ಲ ಖಳನಾಯಕ ಕೊನೆಗೆ ಭಾಷಣ ಮಾಡಿದರೆ ಇಷ್ಟು ಹೊತ್ತು ಕಟ್ಟಿದ್ದು ಹಾಳಾಗುತ್ತದೆ.

ಸೊಪ್ಪಿನಬೆಟ್ಟ
ಸ್ಫೋಟಕದ ಮಾತು ಬಂದದ್ದರಿಂದ ಹೇಳುತ್ತೇನೆ. 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಕ್ವಾರಿಗೆ ಬಂದ ಜಿಲೆಟಿನ್ ಸ್ಫೋಟಿಸಿ ಜನ ಸತ್ತರು, ಪಕ್ಕದ ಜಿಲ್ಲೆಗಳಲ್ಲೂ ಭೂಕಂಪವೆಂದು ಮನೆಯಿಂದ ಹೊರಗೋಡಿ ಬಂದರು. ಇಲ್ಲಿಯ ಓದುಗರಿಗೆ ಆ ಸದ್ದು ನೆನಪಿದೆ. ಕಾದಂಬರಿಯಲ್ಲಿ ಕ್ವಾರಿ ಬರುವುದಾದರೆ ಗೌರವದಿಂದ ಬರಲಿ. ತಯಾರಿಕೆಯ ವಿವರ ಒಂದಕ್ಷರವೂ ಬೇಡ, ಕಥೆಗೆ ಅದರ ಅಗತ್ಯವಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಬಂದದ್ದು, ಬಳಸಿದ್ದು ತಾಳೆಯಾಗದಿರುವುದು ಸಾಕು.

ನಗರಕೋಟೆ
ಎಲ್ಲರಿಗೂ ತುಂಬ ಉಪಕಾರವಾಯಿತು. ಏಪ್ರಿಲ್ ಇಟ್ಟುಕೊಳ್ಳುತ್ತೇನೆ. ಶೋಧ, ಬಂಧನ ಎರಡನ್ನೂ ಹೊಸನಗರದ ಪೊಲೀಸ್ ಸರ್ಕಲ್ ಇನ್‌ಸ್ಪೆಕ್ಟರ್‌ಗೆ (ಸಿಪಿಐ) ಕೊಟ್ಟೆ. ಮೇಜರ್ ರಿಜಿಸ್ಟರ್ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಾನೆ. ಉಳಿದ ಅನುಮಾನ ಒಂದೇ: ಕೇಸ್ ಎನ್‌ಐಎಗೆ ಹೋದ ಮೇಲೆ ಮೇಜರ್ ಪಾತ್ರಕ್ಕೆ ಕೆಲಸವೇನು? ಹೆಂಡತಿಯ ಪಿಂಚಣಿ ಕಡತವೂ ತೀರ್ಪಿನವರೆಗೆ ಕಾಯಬೇಕೇ?

ಕೆಂಪುಟೋಪಿ
ಮೇಜರ್ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ಅಭಿಯೋಜನೆಯ ಸಾಕ್ಷಿ. ರಿಜಿಸ್ಟರ್ ಹಾಜರುಪಡಿಸಿ ಗುರುತಿಸುತ್ತಾನೆ, ಸುಬೇದಾರ್ ಎನ್‌ಕ್ವೈರಿಯಲ್ಲಿ ಹೇಳಿದ್ದನ್ನು ಮಾತ್ರ ಬಾಯಿಬಿಡುವಂತಿಲ್ಲ. ಪಾಟೀಸವಾಲಿನಲ್ಲಿ ವಕೀಲರು ಅದರ ಸುತ್ತಲೇ ಕೆಣಕುತ್ತಾರೆ.

ಪಿಂಚಣಿ ತೀರ್ಪಿಗೆ ಕಾಯಬೇಕಿಲ್ಲ. ಅಲ್ಲಿ ಕೊಂದವನು ಯಾರೆಂದು ಸಾಬೀತಾಗುವ ಅಗತ್ಯವಿಲ್ಲ, ಸೇವೆಗೂ ಸಾವಿಗೂ ಕೊಂಡಿ ಕಾಣಬೇಕು ಅಷ್ಟೆ. ಹವಾಲ್ದಾರ್ ರಜೆಗೆ ಹೊರಡುವ ಮೊದಲು ಖೋಖಾ ವ್ಯತ್ಯಾಸವನ್ನು ಬರವಣಿಗೆಯಲ್ಲಿ ಮೇಲಕ್ಕೆ ತಿಳಿಸಿದ್ದ ಎಂಬ ಒಂದು ಕಾಗದ ಬೇಕು. ಬಾಯಿಮಾತಲ್ಲಿ ಹೇಳಿದ್ದನ್ನು ಕೇಳಿದವನೇ ಆ ಸುಬೇದಾರ್ ಆದರೆ ಕೊಂಡಿ ತಪ್ಪುತ್ತದೆ. ಆ ಕಾಗದದ ಕಾರ್ಬನ್ ಪ್ರತಿ ಊರಿನ ಮನೆಯ ಪೆಟ್ಟಿಗೆಯಲ್ಲಿ, ರಜೆ ಪ್ರಮಾಣಪತ್ರದ ಜೊತೆ ಮಡಿಸಿಟ್ಟಿರಲಿ. ಪೊಲೀಸ್ ಮಹಜರಿನಲ್ಲಿ ಅದು 'ಇತರೆ ಕಾಗದಪತ್ರ' ಎಂದು ಒಂದೇ ಸಾಲಾಗಿ ಸೇರಿಹೋಗಿರುತ್ತದೆ. ಸಿಪಾಯಿ ಹುಡುಗಿ ಹೆಂಡತಿಯನ್ನು ಕೂರಿಸಿಕೊಂಡು ಆ ಸಾಲನ್ನು ಬಿಡಿಸಿ ಕೇಳಲಿ.